50 ಎಂಎಂ ಲೆನ್ಸಿನಲ್ಲಿ ಕಣ್ಣು ಮಸುಕು, ಕಿವಿಯೋಲೆ ಸ್ಪಷ್ಟ: ಬಲ್ಲವರು ದಯವಿಟ್ಟು ತಿಳಿಸಿ

ಹೂಬುಟ್ಟಿ:
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಪ್ರತಿ ಭಾನುವಾರ ನಸುಕಿನಲ್ಲಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಹೋಗಿ ಹೂವಿನವರ, ಮೂಟೆ ಹೊರುವವರ, ತಳ್ಳುಗಾಡಿಯವರ ಮುಖಚಿತ್ರಗಳನ್ನು ತೆಗೆಯುತ್ತಿದ್ದೇನೆ. ಹತ್ತರಲ್ಲಿ ಏಳು ಚಿತ್ರಗಳಲ್ಲಿ ಕಣ್ಣು ಮಸುಕಾಗಿರುತ್ತದೆ. ಕಿವಿಯೋಲೆಯೋ ಹಿಂದಿನ ಸೇವಂತಿಗೆಯ ರಾಶಿಯೋ ಸ್ಪಷ್ಟವಾಗಿರುತ್ತದೆ. ಲೆನ್ಸನ್ನು ಒಂದು ಸೇವಾಕೇಂದ್ರಕ್ಕೆ ಕೊಟ್ಟೆ. ಅವರು ಎರಡು ವಾರ ಇಟ್ಟುಕೊಂಡು, ದೋಷವಿಲ್ಲ ಎಂಬ ಚೀಟಿ ಅಂಟಿಸಿ ಮರಳಿಸಿದರು.

ಕಳೆದ ವಾರ ಕನಕಾಂಬರ ಕಟ್ಟುವ ಅಜ್ಜಿಯೊಬ್ಬರಿಗೆ, ಮಾತು ಕೊಟ್ಟಿದ್ದಂತೆ, ಅವರ ಚಿತ್ರವನ್ನು ಮುದ್ರಿಸಿ ಒಯ್ದು ಕೊಟ್ಟೆ. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ‘ಓಲೆ ಚೆನ್ನಾಗಿ ಬಂದೈತೆ ಕಣಪ್ಪಾ, ನಾನೆಲ್ಲಿ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಲೆನ್ಸ್ ಬದಲಿಸಬೇಕೇ?

ಕತ್ತಲಕೋಣೆ:
ಇದು ನೂರಕ್ಕೆ ನೂರು ಬ್ಯಾಕ್ ಫೋಕಸ್, ಅಂದರೆ ಫೋಕಸ್ ಗುರಿಗಿಂತ ಹಿಂದಕ್ಕೆ ಬೀಳುವ ದೋಷ. ನನ್ನ 85 ಎಂಎಂ ಲೆನ್ಸಿನಲ್ಲಿಯೂ ಇದೇ ತೊಂದರೆಯಿತ್ತು. ಮೆನುವಿನಲ್ಲಿ ಫೋಕಸನ್ನು ಹಿಂದೆಮುಂದೆ ತಿದ್ದುವ ಏಎಫ್ ಫೈನ್ ಟ್ಯೂನ್ ಎಂಬ ಆಯ್ಕೆಯನ್ನು ತೆರೆದು ಋಣ ಸಂಖ್ಯೆಯ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಸರಿಸುತ್ತಾ ಹೋಗಿ. ದಿನಪತ್ರಿಕೆಯ ಪುಟವೊಂದನ್ನು 45 ಡಿಗ್ರಿ ಓರೆಯಾಗಿ ಇಟ್ಟು ಪರೀಕ್ಷಿಸಿದರೆ ಹತ್ತು ನಿಮಿಷದ ಕೆಲಸ.

ನಿಧಾನ ಶಟರ್:
ತೀರ್ಪಿಗೆ ಮುಂಚೆ ವಿವರಗಳು ಬೇಕು. ಯಾವ ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಸಂಖ್ಯೆ ಕಡಿಮೆಯಾದಷ್ಟೂ ಅಗಲ), ಎಷ್ಟು ಶಟರ್ ವೇಗ, ಎಷ್ಟು ದೂರ, ಯಾವ ಫೋಕಸ್ ಬಿಂದು?

ಹೂಬುಟ್ಟಿ:
ಎಲ್ಲರೂ ಬಳಸುವ ಅಳತೆಗಳೇ ಆದ್ದರಿಂದ ಬರೆದಿರಲಿಲ್ಲ, ಕ್ಷಮಿಸಿ. ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನ ಡಿಎಸ್‌ಎಲ್‌ಆರ್, ಎಫ್/1.8, 1/200 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 800, ನಡುವಿನ ಬಿಂದು. ದೂರ ಹೆಚ್ಚಾಗಿ ಸುಮಾರು ಒಂದು ಮೀಟರ್. ಬುಟ್ಟಿಗಳ ನಡುವೆ ಅದಕ್ಕಿಂತ ಹಿಂದೆ ಸರಿಯಲು ಜಾಗವಿಲ್ಲ. ನನ್ನ ಕ್ಯಾಮೆರಾದ ಮೆನುವಿನಲ್ಲಿ ಫೈನ್ ಟ್ಯೂನ್ ಆಯ್ಕೆಯೇ ಇಲ್ಲ.

ಕತ್ತಲಕೋಣೆ:
ಆ ಆಯ್ಕೆ ಇಲ್ಲದ ಕ್ಯಾಮೆರಾದಲ್ಲಿ ಇಷ್ಟು ತೆರೆದ ಲೆನ್ಸನ್ನು ಬಳಸುವುದೇ ಕಷ್ಟ. ಮೇಲಿನ ಮಟ್ಟದ ಕ್ಯಾಮೆರಾ ಬಾಡಿಯೊಂದನ್ನು ಸೆಕೆಂಡ್‌ ಹ್ಯಾಂಡ್ ಆದರೂ ಕೊಳ್ಳುವುದು ಉತ್ತಮ.

ಗಾಂಧಿಬಜಾರ್ ನಡಿಗೆ:
ಕೊಳ್ಳುವುದೇ ಆದರೆ ಡಿಎಸ್‌ಎಲ್‌ಆರ್ ಬೇಡ. ನನ್ನದು ಫ್ಯೂಜಿ ಎಕ್ಸ್100ವಿ, 23 ಎಂಎಂ ಎಫ್/2 ಲೆನ್ಸ್. ಎಫ್/8ಕ್ಕೆ ಇಟ್ಟು ಎರಡೂವರೆ ಮೀಟರಿಗೆ ಫೋಕಸ್ ನಿಲ್ಲಿಸಿದರೆ ಸುಮಾರು ಒಂದೂವರೆ ಮೀಟರಿನಿಂದ ಹತ್ತು ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಲೆನ್ಸಿನೊಳಗೇ ಇರುವ ಲೀಫ್ ಶಟರ್ ಆದ್ದರಿಂದ ಸದ್ದೂ ಇಲ್ಲವೆನ್ನುವಷ್ಟು ಕಡಿಮೆ, ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು ಮಾತು: ಕೇಳಿ, ಕೂರಿಸಿ ತೆಗೆದ ಚಿತ್ರವನ್ನು ನಾನು ಬೀದಿ ಛಾಯಾಗ್ರಹಣ ಎಂದು ಒಪ್ಪುವುದಿಲ್ಲ. ಕೇಳಿದ ಕ್ಷಣದಲ್ಲಿ ಆ ಮುಖದಲ್ಲಿದ್ದದ್ದು ಹೋಗಿಬಿಡುತ್ತದೆ.

ಸಾಲುಮರ:
ನಿಮ್ಮ ಕೊನೆಯ ಮಾತನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಬೆಳಗಿನ ನಾಲ್ಕು ಗಂಟೆಯಿಂದ ದುಡಿಯುತ್ತಿರುವ ಹೆಂಗಸಿನ ಮುಖವನ್ನು, ಆಕೆಗೆ ತಿಳಿಯದಂತೆ ಒಯ್ದು ತೋರಿಸಿಕೊಳ್ಳುವುದು ನನಗೆ ಸರಿ ಎನಿಸುವುದಿಲ್ಲ. ಮೈಸೂರಿನ ಛಾಯಾಪತ್ರಕರ್ತ ಟಿ.ಎಸ್. ಸತ್ಯನ್ ಅವರ (1923–2009) ಚಿತ್ರಗಳಲ್ಲಿರುವ ಸಾಮಾನ್ಯರನ್ನು ನೋಡಿ. ಕ್ಯಾಮೆರಾ ಹಿಡಿದವರು ತಮ್ಮವರೇ ಎಂಬ ನಿರಾಳ ಅವರಲ್ಲಿ ಎಷ್ಟೋ ಮುಖಗಳ ಮೇಲಿದೆ. ಕೇಳಿದ ಮೇಲೆ ಹೋಗುವುದು ಮೊದಲಿನ ಭಾವ ಮಾತ್ರ. ಅದರ ಜಾಗದಲ್ಲಿ ಬರುವ ಭಾವವೂ ಅವರದೇ, ಮತ್ತು ಅದನ್ನು ಅವರು ನಮಗೆ ಕೊಟ್ಟಿರುತ್ತಾರೆ.

ಗಾಂಧಿಬಜಾರ್ ನಡಿಗೆ:
ಸತ್ಯನ್ ಅವರ ಹೆಸರನ್ನು ಎಳೆದು ತಂದು ನನ್ನನ್ನು ಕಳ್ಳನನ್ನಾಗಿ ಮಾಡಬೇಡಿ. ಅವರ ಎಷ್ಟೋ ಚಿತ್ರಗಳಲ್ಲಿ ಜನರಿಗೆ ಕ್ಯಾಮೆರಾದ ಅರಿವೇ ಇಲ್ಲ.

ನಿಧಾನ ಶಟರ್:
ಈ ವಾದಕ್ಕೆ ಬೇರೆ ಎಳೆ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಅಜ್ಜಿಯ ಚಿತ್ರ ಬಾಕಿಯಿದೆ. ಎಫ್/8ರ ಸಲಹೆ ಹಗಲಿಗೆ ಸರಿ. ಆದರೆ ಹೂಬುಟ್ಟಿಯವರು ನಿಲ್ಲುವುದು ಆ ವ್ಯಾಪ್ತಿಗಿಂತಲೂ ಹತ್ತಿರ, ಅದೂ ಸೂರ್ಯ ಮೂಡುವ ಮುಂಚೆ ಟಾರ್ಪಾಲಿನ ಕೆಳಗೆ. ಎಫ್/1.8ರಿಂದ ಎಫ್/8ಕ್ಕೆ ಹೋದರೆ ಸುಮಾರು 4.3 ಸ್ಟಾಪ್ (ಒಂದು ಸ್ಟಾಪಿಗೆ ಬೆಳಕು ಅರ್ಧ) ಬೆಳಕು ಕಳೆದು, ಐಎಸ್‌ಒ 800 ಇದ್ದದ್ದು 16,000ದ ಹತ್ತಿರ ಹೋಗಿ, ಚಿತ್ರ ತೀರಾ ಕಾಳು ಕಾಳಾಗುತ್ತದೆ.

ಹೂಬುಟ್ಟಿಯವರೇ, ಎರಡು ಪ್ರಶ್ನೆ. ಸ್ಪಷ್ಟವಾಗಿ ಬಂದ ಆ ಮೂರು ಚಿತ್ರಗಳು ಯಾವ ಬಗೆಯವು? ಮತ್ತು ಒಬ್ಬರ ಬಳಿಗೆ ಹೋದ ಗಳಿಗೆಯಿಂದ ಶಟರ್ ಒತ್ತುವವರೆಗೆ ನೀವು ಏನೇನು ಮಾಡುತ್ತೀರಿ ಎಂಬುದನ್ನು ಒಂದೂ ಬಿಡದೆ ಬರೆಯುವಿರಾ?

ಹೂಬುಟ್ಟಿ:
ಈಗ ವಿಂಗಡಿಸಿ ನೋಡಿದೆ. ಮೂರು ಮೀಟರಿನಷ್ಟು ದೂರದಿಂದ, ಅವರು ಕೆಲಸದಲ್ಲಿ ಮುಳುಗಿದ್ದಾಗ ತೆಗೆದವೆಲ್ಲವೂ ಸ್ಪಷ್ಟವಾಗಿವೆ. ಮಸುಕಾದವೆಲ್ಲವೂ ಅನುಮತಿ ಕೇಳಿ ಹತ್ತಿರದಿಂದ ತೆಗೆದವು. ಕ್ರಮ ಹೀಗಿದೆ: ಮೊದಲು ಒಂದು ಮೊಳ ಹೂ ಕೊಳ್ಳುತ್ತೇನೆ, ಊರು ಯಾವುದೆಂದು ವಿಚಾರಿಸುತ್ತೇನೆ. ಬಳಿಕ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ನಡುವಿನ ಬಿಂದುವನ್ನು ಅವರ ಕಣ್ಣಿನ ಮೇಲಿಟ್ಟು ಶಟರ್ ಗುಂಡಿಯನ್ನು ಅರ್ಧ ಒತ್ತಿ ಹಿಡಿದುಕೊಂಡೇ ‘ಅಮ್ಮಾ, ಒಂದು ಫೋಟೊ ತೆಗೆಯಲೇ?’ ಎಂದು ಕೇಳುತ್ತೇನೆ. ಒಪ್ಪಿದ ಕೂಡಲೇ ಚೌಕಟ್ಟನ್ನು ಸರಿಸಿ, ಬುಟ್ಟಿಯೂ ಕಾಣುವಂತೆ ಮಾಡಿಕೊಂಡು ಒತ್ತುತ್ತೇನೆ. ತಡಮಾಡಿ ಅವರ ವ್ಯಾಪಾರ ಕೆಡಿಸಬಾರದೆಂದು ಮೊದಲೇ ಸಿದ್ಧನಾಗಿರುತ್ತೇನೆ.

ನಿಧಾನ ಶಟರ್:
ತೊಂದರೆ ಸಿಕ್ಕಿತು. ಇದನ್ನು ಮೊದಲೇ ಹೇಳಿದ್ದರೆ ಲೆನ್ಸಿನ ಮೇಲೆ ಯಾರೂ ಅಪವಾದ ಹೊರಿಸುತ್ತಿರಲಿಲ್ಲ.

ನಿಮ್ಮ ಸೆನ್ಸರಿನಲ್ಲಿ 50 ಎಂಎಂ, ಎಫ್/1.8, ಒಂದು ಮೀಟರ್ ಎಂದರೆ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುಕಡಿಮೆ ಎರಡೂವರೆ ಸೆಂಟಿಮೀಟರ್. ಕಣ್ಣಿನಿಂದ ಕಿವಿಯೋಲೆಗೆ ಅದಕ್ಕಿಂತ ಹೆಚ್ಚು ಅಂತರವಿದೆ. ಏಎಫ್-ಎಸ್ ಕ್ರಮದಲ್ಲಿ ಗುಂಡಿಯನ್ನು ಅರ್ಧ ಒತ್ತಿದ ಕ್ಷಣಕ್ಕೇ ಫೋಕಸ್ ನಿಂತುಬಿಡುತ್ತದೆ. ಆಮೇಲೆ ನೀವು ಕೇಳುತ್ತೀರಿ. ಫೋಟೊ ಎಂಬ ಮಾತು ಕಿವಿಗೆ ಬಿದ್ದೊಡನೆ ಯಾರೂ ಇದ್ದಂತೆ ಇರುವುದಿಲ್ಲ. ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ, ಗಂಡಸರು ಹೆಗಲ ಮೇಲಿನ ಟವೆಲ್ಲನ್ನು ತೆಗೆಯುತ್ತಾರೆ ಇಲ್ಲವೇ ಮತ್ತೆ ಹಾಕಿಕೊಳ್ಳುತ್ತಾರೆ, ಹೂ ಕಟ್ಟಲು ಬಾಗಿದ್ದವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಕೆಲವರು ನಗು ತಡೆಯಲಾರದೆ ಪಕ್ಕದವರ ಕಡೆ ವಾಲುತ್ತಾರೆ. ಮಾತು ಕೇಳಿಸಲೆಂದು ನೀವೂ ಮುಂದಕ್ಕೆ ಬಾಗಿರುತ್ತೀರಿ, ಆ ಗದ್ದಲದಲ್ಲಿ ಬಾಗದೆ ವಿಧಿಯಿಲ್ಲ. ನೀವು ಹತ್ತು ಸೆಂಟಿಮೀಟರ್ ಮುಂದೆ ಬಂದರೆ ಫೋಕಸಿನ ಸಮತಲವೂ ಅಷ್ಟೇ ಹಿಂದಕ್ಕೆ, ಅವರ ಓಲೆಗೋ ಸೇವಂತಿಗೆಗೋ ಹೋಗುತ್ತದೆ.

ಎರಡನೆಯ ತಪ್ಪು ಚೌಕಟ್ಟನ್ನು ಸರಿಸುವುದು. ಒಂದು ಮೀಟರ್ ದೂರದಲ್ಲಿ ಕ್ಯಾಮೆರಾವನ್ನು 15 ಡಿಗ್ರಿ ತಿರುಗಿಸಿದರೂ ಸಾಕು, ಫೋಕಸಿನ ಸಮತಲ ಕಣ್ಣಿಗಿಂತ ಸುಮಾರು 3.4 ಸೆಂಟಿಮೀಟರ್ ಹಿಂದಕ್ಕೆ ಬೀಳುತ್ತದೆ. ಮೂರು ಮೀಟರಿನಲ್ಲಿ ಆಳವೇ 25 ಸೆಂಟಿಮೀಟರಿನಷ್ಟಿರುವುದರಿಂದ ಇವೆಲ್ಲವೂ ಅಲ್ಲಿ ಮುಚ್ಚಿಹೋಗುತ್ತವೆ.

ಆದ್ದರಿಂದ ಕ್ಯಾಮೆರಾ ಕೆಳಗಿರುವಾಗಲೇ ಕೇಳಿ. ಅವರು ಸಾವರಿಸಿಕೊಂಡು ಕುಳಿತ ಮೇಲೆ ಕಣ್ಣಿಗೆ ಹಿಡಿಯಿರಿ. ಫೋಕಸನ್ನು ಬಿಡದೆ ಹೊಂದಿಸುತ್ತಲೇ ಇರುವ ಏಎಫ್-ಸಿ ಕ್ರಮಕ್ಕೆ ಬದಲಿಸಿ, ನಡುವಿನ ಬಿಂದುವಿಗೆ ಅಂಟಿಕೊಳ್ಳದೆ ಕಣ್ಣು ಬರುವ ಕಡೆಯ ಬಿಂದುವನ್ನೇ ಆರಿಸಿಕೊಳ್ಳಿ. ಅಪರ್ಚರನ್ನು ಎಫ್/4ಕ್ಕೆ ತನ್ನಿ. ಆಳ ಆರು ಸೆಂಟಿಮೀಟರಿಗೆ ಏರುತ್ತದೆ, ಐಎಸ್‌ಒ 4000 ಆಗುತ್ತದೆ. ಕಾಳು ಕಾಳಾದ ಕಣ್ಣನ್ನು ಯಾರೂ ದೂರುವುದಿಲ್ಲ.

ಕತ್ತಲಕೋಣೆ:
ವಾದ ಒಪ್ಪಬಹುದಾದರೂ ಲೆನ್ಸಿನಲ್ಲಿ ದೋಷವಿಲ್ಲವೆಂದು ಇದರಿಂದ ಸಾಬೀತಾಗುವುದಿಲ್ಲ. ಟ್ರೈಪಾಡಿನ ಮೇಲಿಟ್ಟು, ಒಂದು ಮೀಟರಿನಲ್ಲಿ, ವ್ಯೂಫೈಂಡರಿನಿಂದ ಒಂದು, ಹಿಂಬದಿಯ ಪರದೆ ನೋಡಿ ತೆಗೆಯುವ ಲೈವ್ ವ್ಯೂನಲ್ಲಿ ಒಂದು ಚಿತ್ರ ತೆಗೆದು ಹೋಲಿಸಿ. ಲೈವ್ ವ್ಯೂನಲ್ಲಿ ಫೋಕಸನ್ನು ಸೆನ್ಸರಿನ ಮೇಲೆಯೇ ಅಳೆಯುವುದರಿಂದ, ಎರಡರಲ್ಲಿ ವ್ಯತ್ಯಾಸ ಕಂಡರೆ ನನ್ನ ಮಾತು ನಿಜ.

ಹೂಬುಟ್ಟಿ:
ಶನಿವಾರ ಆ ಪರೀಕ್ಷೆ ಮಾಡಿದೆ; ಎರಡರಲ್ಲಿಯೂ ದಿನಪತ್ರಿಕೆಯ ಅಕ್ಷರಗಳು ಒಂದೇ ತೆರನಾಗಿ ಸ್ಪಷ್ಟವಾಗಿವೆ. ಭಾನುವಾರ ನಿಧಾನ ಶಟರ್ ಅವರು ಹೇಳಿದಂತೆ ಕ್ಯಾಮೆರಾ ಕೆಳಗಿಟ್ಟುಕೊಂಡೇ ಕೇಳಿದೆ. 24 ಚಿತ್ರಗಳಲ್ಲಿ 19ರಲ್ಲಿ ಕಣ್ಣು ಸ್ಪಷ್ಟವಾಗಿದೆ. ಉಳಿದ ಐದರಲ್ಲಿ ಜನರೇ ನಕ್ಕು ಅಲುಗಾಡಿದ್ದಾರೆ, ಅವುಗಳನ್ನು ಅಳಿಸಿಲ್ಲ. ಕ್ಯಾಮೆರಾ ಮುಖಕ್ಕೆ ಅಡ್ಡವಿಲ್ಲದೆ ಕೇಳಿದಾಗ ಬೇಡ ಎಂದವರು ಇಬ್ಬರೇ. ಮೊದಲು ಅರ್ಧದಷ್ಟು ಜನ ಕೈ ಅಡ್ಡ ಹಿಡಿಯುತ್ತಿದ್ದರು. ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಅಜ್ಜಿಯ ಚಿತ್ರವೂ ಬಂದಿದೆ. ಎಡಗಣ್ಣಿನ ರೆಪ್ಪೆಗಳನ್ನು ಎಣಿಸಬಹುದು. ಮುಂದಿನ ವಾರ ಕೊಡಬೇಕು, ಆದರೆ ಅವರ ಕೈ ಸದಾ ಹೂವಿನ ನೀರಿನಲ್ಲಿ ಒದ್ದೆಯಾಗಿರುತ್ತದೆ. ಕಳೆದ ಬಾರಿಯ ಪ್ರತಿಯ ಅಂಚು ಅಲ್ಲಿಯೇ ಉಬ್ಬಿಹೋಯಿತು. ಯಾವ ಕಾಗದದಲ್ಲಿ ಮುದ್ರಿಸಲಿ?

ಸಾಲುಮರ:
ಕಾಗದ ಯಾವುದಾದರೂ ಸರಿ, ಲ್ಯಾಮಿನೇಷನ್ ಮಾಡಿಸಿ. ಝೆರಾಕ್ಸ್ ಅಂಗಡಿಯಲ್ಲಿಯೇ ಆಗುತ್ತದೆ. ಕತ್ತರಿಸುವಾಗ ನಾಲ್ಕೂ ಕಡೆ ಅರ್ಧ ಸೆಂಟಿಮೀಟರ್ ಪ್ಲಾಸ್ಟಿಕ್ ಅಂಚು ಬಿಡಲು ಹೇಳಿ, ಇಲ್ಲದಿದ್ದರೆ ನೀರು ಒಳಗೆ ಇಳಿಯುತ್ತದೆ. ಮೇಲಂಚಿನಲ್ಲಿ ಮಾತ್ರ ಇನ್ನೂ ಸ್ವಲ್ಪ ಅಗಲ ಬಿಡಿಸಿ, ಕಾಗದಕ್ಕೆ ತಾಗದಂತೆ ಒಂದು ತೂತು ಹಾಕಿಸಿದರೆ ಅಜ್ಜಿ ಅದನ್ನು ಹೂವಿನ ದಾರದಲ್ಲಿಯೇ ಅಂಗಡಿಯ ಕಂಬಕ್ಕೆ ಕಟ್ಟಿಕೊಳ್ಳಬಹುದು.