ಮರು: ಎಲೆಯ ಜೀವಕೋಶ ತಾನೇ ಸಾಯುವುದಕ್ಕೆ ಕನ್ನಡ ಪದ ಬೇಕು (ತುರ್ತು)

ನಾಡಿದ್ದು ಬೋರ್ಡು ಪ್ರಿಂಟಿಗೆ ಹೋಗಬೇಕು. ಎಲೆ ತುಕ್ಕು ರೋಗ ತಡೆಯುವ ಕಾಫಿ ಗಿಡಗಳ ನರ್ಸರಿಯ ಬೋರ್ಡು ಅದು. ಓದುವವರು ಬೆಳೆಗಾರರು. ಅದನ್ನು ಮರೆಯಬೇಡಿ. ನೀವು ಬರೆದದ್ದಕ್ಕೆ ಒಂದೊಂದಾಗಿ ಉತ್ತರ ಕೆಳಗಿದೆ.

> 'ಅತಿಸಂವೇದನಾ ಪ್ರತಿಕ್ರಿಯೆ' ಎಂದು ಹಾಕಿ. ಮುಗಿಯಿತು.

ಮುಗಿಯಲಿಲ್ಲ. ಓದಿದವರು ಗಿಡಕ್ಕೆ ಅಲರ್ಜಿ ಎಂದುಕೊಳ್ಳುತ್ತಾರೆ. ಆಗುವುದೇನು ನೋಡಿ. ತುಕ್ಕಿನ ಶಿಲೀಂಧ್ರಕ್ಕೆ ಜೀವ ಇರುವ ಕೋಶವೇ ಬೇಕು, ಅದರಿಂದ ಹೀರಿಕೊಂಡೇ ಬದುಕುವುದು. ಅದು ಒಳಗೆ ಕಾಲಿಟ್ಟಿದ್ದು ಗೊತ್ತಾದ ಕೂಡಲೇ ಅಲ್ಲಿನ ಕೋಶಗಳು ತಾವಾಗಿ ಸಾಯುತ್ತವೆ. ಶಿಲೀಂಧ್ರ ಉಪವಾಸ ಬೀಳುತ್ತದೆ. ಎಲೆಯ ಮೇಲೆ ಸಣ್ಣ ಚುಕ್ಕೆ ಉಳಿಯುತ್ತದೆ, ಕಿತ್ತಳೆ ಬಣ್ಣದ ಪುಡಿ ಏಳುವುದಿಲ್ಲ. ಬೇಸಿಗೆಗೆ ಮುಂಚೆ ಕಾಡಿನಲ್ಲಿ ಒಂದು ಪಟ್ಟಿ ಸುಟ್ಟು ಬೆಂಕಿ ರೇಖೆ ಮಾಡುತ್ತಾರಲ್ವಾ, ಹಾಗೆ. 1915ರಲ್ಲಿ ಅಮೆರಿಕದ ಸಸ್ಯರೋಗ ತಜ್ಞ ಸ್ಟಾಕ್‌ಮನ್ ಗೋಧಿಯ ತಳಿಗಳಲ್ಲಿ ಕಾಂಡ ತುಕ್ಕನ್ನು ನೋಡಿ 'ಅತಿ ಸೂಕ್ಷ್ಮ' (ಹೈಪರ್‌ಸೆನ್ಸಿಟಿವ್) ಎಂದದ್ದು ಗಿಡದ ಸ್ವಭಾವವನ್ನು. ನನಗೆ ಬೇಕಿರುವುದು ಆ ಸಾವು ಮಾಡುವ ಕೆಲಸದ ಹೆಸರು. ಅದಕ್ಕೇ 'ತಡೆಸಾವು' ಎಂದೆ.

> ಅದು 'ಸಾವನ್ನು ತಡೆಯುವುದು' ಎಂದಾಗುತ್ತದೆ.

ಹಾಗಾದರೆ ತಡೆಗೋಡೆ ಗೋಡೆಯನ್ನು ತಡೆಯುತ್ತದೆಯೇ?

> ಬೋರ್ಡಿನಲ್ಲಿರುವ 'ರೋಗತಡೆ' ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಸೇರಿಸಿದ ತಪ್ಪು ಜೋಡಿ. ತೆಗೆಯಿರಿ.

ತೆಗೆಯುವುದಿಲ್ಲ. 'ಕೊಳೆರೋಗ'ವೂ ಅರಿಸಮಾಸವೇ. ಮಲೆನಾಡಿನಲ್ಲಿ ಅದಕ್ಕೆ ಬೇರೆ ಹೆಸರು ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. 1876ರಲ್ಲಿ ಕಾಫಿಯ ಕೊಳೆರೋಗ ತರುವ ಶಿಲೀಂಧ್ರಕ್ಕೆ ಕುಕ್ ಎಂಬ ಇಂಗ್ಲಿಷ್ ಶಿಲೀಂಧ್ರ ತಜ್ಞರು ಇಟ್ಟ ಹೆಸರು 'ಪೆಲ್ಲಿಕ್ಯುಲೇರಿಯಾ ಕೊಳೆರೋಗ'. ಲ್ಯಾಟಿನ್ನೇ ನಮ್ಮಿಂದ ಕಡ ತೆಗೆದುಕೊಂಡಿತು, ಅದೂ ಅರಿಸಮಾಸವನ್ನೇ. ನಾವು ಮಾತ್ರ ಅದನ್ನು ಹೊರಗೆ ಹಾಕಬೇಕೇ?

> ಸುಮ್ನೆ ಇಂಗ್ಲಿಷನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಈ ಮಡಿ ಜಾಸ್ತಿಯಾಯಿತು.

ಕಾಫಿ, ನರ್ಸರಿ, ಬೋರ್ಡು, ಪ್ರಿಂಟು ಎಲ್ಲವನ್ನೂ ಬರೆದಿದ್ದೇನೆ. ಎರವಲಿನ ಮೇಲೆ ನನಗೆ ಸಿಟ್ಟಿಲ್ಲ. ಅವು ಜನರ ಬಾಯಲ್ಲಿವೆ. 'ಹೈಪರ್‌ಸೆನ್ಸಿಟಿವ್ ರೆಸ್ಪಾನ್ಸ್' ಯಾವ ತೋಟದಲ್ಲಿ ಕೇಳಿದ್ದೀರಿ? ಅರ್ಥ ಕೊಡದ ಪದ ಸಂಸ್ಕೃತದಿಂದ ಬಂದರೂ ಒಂದೇ, ಇಂಗ್ಲಿಷಿನಿಂದ ಬಂದರೂ ಒಂದೇ.

ನನಗೆ ಉಳಿದಿರುವ ತೊಡಕು ಇಷ್ಟೇ. ಇದನ್ನು ಕ್ರಿಯಾಪದವಾಗಿ ಹೇಗೆ ಬರೆಯುವುದು? 'ಕೋಶಗಳು ತಡೆಸಾಯುತ್ತವೆ' ಕಿವಿಗೆ ಒಗ್ಗುತ್ತಿಲ್ಲ. 'ತಡೆಸಾವಿಗೆ ಇಳಿಯುತ್ತವೆ' ಎಂದರೆ ಆದೀತೇ? ನಾಳೆ ಸಂಜೆಯೊಳಗೆ ತಿಳಿಸಿ.