ಹವಳದ ದಿಬ್ಬ, ಕಡಲ ಸಂಶೋಧನೆ: ಕೇಳಿ, ಮೇಡಂ ಹೇಳುತ್ತಾರೆ

ಅಡ್ಮಿನ್: ನಮ್ಮ ಮಡಿಕೇರಿಯವರೇ ಆದ, ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಸಂಶೋಧನೆ ಮಾಡುವ ಮೇಡಂ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಗುಡ್ ಈವ್ನಿಂಗ್ ಚಿತ್ರ ಹಾಕಬೇಡಿ.

ಕುಶಾಲನಗರ: ಮೇಡಂ, ಪಿಯುಸಿ ಆದ ಮೇಲೆ ಏನು ಓದಬೇಕು?

ಮೇಡಂ: ಪ್ರಾಣಿಶಾಸ್ತ್ರ ಇರುವ ಬಿ.ಎಸ್ಸಿ., ಇಲ್ಲವೇ ಮಂಗಳೂರಿನ ಮೀನುಗಾರಿಕಾ ಕಾಲೇಜು. ಕಡಲ ಜೀವಶಾಸ್ತ್ರದ ಎಂ.ಎಸ್ಸಿ.ಗೆ ಕಾರವಾರ, ಕೊಚ್ಚಿ, ತಮಿಳುನಾಡಿನ ಪರಂಗಿಪೇಟೆ, ಪೋರ್ಟ್ ಬ್ಲೇರ್ ಇವೆ. ಸ್ಟಾಟಿಸ್ಟಿಕ್ಸ್ ಮಾತ್ರ ಬಿಡಬೇಡಿ.

ಗೋಣಿಕೊಪ್ಪ: ಸಂಬಳ?

ಮೇಡಂ: ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000, ಎರಡು ವರ್ಷದ ನಂತರ 42,000. ಮನೆ ಬಾಡಿಗೆ ಬೇರೆ. ಪ್ರಾಜೆಕ್ಟ್ ಕೆಲಸವಾದರೆ ಪ್ರಾಜೆಕ್ಟ್ ಮುಗಿದ ದಿನ ಕೆಲಸವೂ ಮುಗಿಯಿತು. ಕಾಯಂ ಹುದ್ದೆ ಕಮ್ಮಿ.

ನಾಪೋಕ್ಲು ಆಂಟಿ: ಮಗಳು ಎಂ.ಎಸ್ಸಿ. ಮೊದಲ ವರ್ಷ. ಸಣ್ಣವಳಿದ್ದಾಗ ಕಿವಿ ಸೋರುತ್ತಿತ್ತು. ಕಿವಿಯ ತಮಟೆಯಲ್ಲಿ ತೂತಿದೆ ಅಂತ ಡಾಕ್ಟರ್ ಹೇಳಿದ್ದರು. ಈಗ ಡೈವಿಂಗ್ ಕಲಿಯಲು ಅಂಡಮಾನಿಗೆ ಹೊರಟಿದ್ದಾಳೆ. ಫಾರ್ಮಿನಲ್ಲಿ ಕಿವಿ ತೊಂದರೆ ಇಲ್ಲ ಅಂತ ಬರೆದಿದ್ದಾಳೆ. ಕಳಿಸಬಹುದಾ?

ಶನಿವಾರಸಂತೆ: ಆಂಟಿ, ನಮ್ಮ ಫ್ಯಾಮಿಲಿ ಗುಂಪಿನಲ್ಲಿ ಬಂದಿತ್ತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಎರಡು ಹನಿ ಬಿಟ್ಟರೆ ನೀರು ಒಳಗೆ ಹೋಗುವುದಿಲ್ಲ.

ಮೇಡಂ: ಆ ಎಣ್ಣೆ ದಯವಿಟ್ಟು ಬಿಡಬೇಡಿ. ತೂತಿರುವ ಕಿವಿಗೆ ಡಾಕ್ಟರ್ ಹೇಳದೆ ಏನೂ ಹಾಕಬಾರದು.
ಆಂಟಿ, ಈಗ ಕಳಿಸಬೇಡಿ. ನಾನು ಡಾಕ್ಟರ್ ಅಲ್ಲ. ಕಿವಿ ತಜ್ಞರು ನೋಡಿ ಬರೆದುಕೊಟ್ಟ ಮೇಲೆಯೇ ಮುಂದಿನ ಮಾತು. 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ತಮಟೆ ತೂತಿದ್ದರೆ ತಣ್ಣೀರು ನಡುಕಿವಿಗೆ ನುಗ್ಗುತ್ತದೆ. ತಲೆ ಗಿರ್ರೆನ್ನುತ್ತದೆ, ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಸರ್ರನೆ ಮೇಲೆ ಬಂದರೆ ಶ್ವಾಸಕೋಶವೇ ಹರಿಯಬಹುದು. ಫಾರ್ಮಿನಲ್ಲಿ ಮುಚ್ಚಿಟ್ಟರೆ ಕಲಿಸುವವರಿಗೂ ಗೊತ್ತಿರುವುದಿಲ್ಲ.
ಡೈವಿಂಗ್ ಇಲ್ಲದಿದ್ದರೆ ದಾರಿ ಮುಚ್ಚಿತು ಅಂತ ಅವಳು ಅಂದುಕೊಂಡಿರಬೇಕು. ನಮ್ಮ ಕೆಲಸ ಹೇಗಿದೆ ನೋಡಿ. ದಿಬ್ಬದ ಮೇಲೆ ಅಳತೆ ಟೇಪು ಹಾಸುತ್ತೇವೆ. ಪೈಪಿನ ಚೌಕಟ್ಟು ಇಟ್ಟು ಫೋಟೋ ತೆಗೆಯುತ್ತೇವೆ. ಕಂಪ್ಯೂಟರ್ ಆ ಫೋಟೋ ಮೇಲೆ ಚುಕ್ಕಿ ಚೆಲ್ಲುತ್ತದೆ. ಒಂದೊಂದು ಚುಕ್ಕಿಯ ಕೆಳಗೆ ಜೀವಂತ ಹವಳವೋ, ಸತ್ತದ್ದೋ, ಪಾಚಿಯೋ, ಮರಳೋ ಅಂತ ಕೂತು ಗುರುತಿಸಬೇಕು. ಒಂದು ಗಂಟೆ ನೀರಿನಲ್ಲಿದ್ದರೆ ದಿನಗಟ್ಟಲೆ ಪರದೆಯ ಮುಂದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ನೀರು ಬಿಸಿಯಾಗಿ, ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಯಿತು. ಎಷ್ಟು ಸತ್ತಿತು, ಎಷ್ಟು ಚೇತರಿಸಿತು ಅಂತ ಹೇಳಲು ಇಂಥ ಲೆಕ್ಕ ಬೇಕು. ಇಳಿಯುವವರು ಬೇಕಾದಷ್ಟು ಸಿಗುತ್ತಾರೆ, ಕೂತು ಗುರುತಿಸುವವರೇ ಇಲ್ಲ.

ಶನಿವಾರಸಂತೆ: ಅದು ಅಜ್ಜಿ ಕಾಲದ ಔಷಧಿ ಮೇಡಂ.

ಮೇಡಂ: ಅಜ್ಜಿ ಸಮುದ್ರದ ತಳಕ್ಕೆ ಇಳಿದಿದ್ದರಾ?

ಸೋಮವಾರಪೇಟೆ: 'ಮೂರು ತಿಂಗಳ ಆನ್‌ಲೈನ್ ಮರೈನ್ ಬಯಾಲಜಿ, ಕೆಲಸ ಗ್ಯಾರಂಟಿ' ಅಂತ ಫಾರ್ವರ್ಡ್ ಬಂದಿದೆ. ನಿಜವಾ?

ಮೇಡಂ: ದುಡ್ಡು ಕಟ್ಟಬೇಡಿ.

ವಿರಾಜಪೇಟೆ: ಸಂಬಳ ಎಷ್ಟು ಮೇಡಂ?

ಮೇಡಂ: ಮೇಲೆ ಇದೆ.

ಗೋಣಿಕೊಪ್ಪ: ಕೊಡಗಿನವರಿಗೆ ಸಮುದ್ರ ಯಾಕೆ? ಆನೆ ಮೇಲೆ ಸಂಶೋಧನೆ ಮಾಡಲಿ, ತೋಟಕ್ಕೇ ಬರುತ್ತವೆ.

ಭಾಗಮಂಡಲ: ಬರಪೊಳೆ, ಪಯಸ್ವಿನಿ ಎರಡೂ ಹೊಳೆ ಇಲ್ಲಿಂದ ಅರಬ್ಬಿ ಸಮುದ್ರಕ್ಕೇ ಅಲ್ವಾ ಹೋಗುವುದು?

ಮೇಡಂ: ಹೌದು, ಒಳ್ಳೆಯ ಮಾತು. ಹವಳವೊಂದೇ ವಿಷಯ ಅಲ್ಲ, ಹೊಳೆ ಸಮುದ್ರ ಸೇರುವ ಅಳಿವೆಯೂ ಇದೆ. ಹೊಳೆಯ ಮಣ್ಣು ಜಾಸ್ತಿಯಾದರೆ ನೀರು ಕದಡಿ ಬೆಳಕು ಇಳಿಯುವುದಿಲ್ಲ. ಯಾರಾದರೂ ಇದನ್ನೇ ಪ್ರಾಜೆಕ್ಟ್ ಮಾಡಬಹುದು.

ಭಾಗಮಂಡಲ: ಶುಂಠಿ ಹಾಕಿದ ಗದ್ದೆ ಮಣ್ಣೆಲ್ಲ ಹೊಳೆಗೇ.

ಶನಿವಾರಸಂತೆ: ಶುಂಠಿ ಮೇಲೆ ಯಾಕೆ ಬಂದಿರಿ? ಗುಡ್ಡ ಕೊರೆದು ಹೋಂಸ್ಟೇ ಕಟ್ಟಿದವರು ಯಾರು? 2018ರಲ್ಲಿ ಕುಸಿದದ್ದು ಶುಂಠಿ ಗದ್ದೆಯಾ?

ಗೋಣಿಕೊಪ್ಪ: ನಿಮ್ಮೂರ ನೀರು ಕೊನೆಗೆ ಕಾವೇರಿಗೆ ಸೇರುವುದು. ಅರಬ್ಬಿ ಸಮುದ್ರದ ಮಾತಿಗೆ ನೀವ್ಯಾಕೆ ಉರಿದು ಬೀಳುತ್ತೀರಿ?

ಶನಿವಾರಸಂತೆ: ನೀವು ಆನೆ ನೋಡಿಕೊಳ್ಳಿ.

ಕುಶಾಲನಗರ: ಮೇಡಂ, ನನಗೆ ಈಜು ಬರುವುದಿಲ್ಲ. ಪರವಾಗಿಲ್ವಾ?

ಸುಂಟಿಕೊಪ್ಪ: ಮಗ ಟೂರಿನಿಂದ ಹವಳದ ತುಂಡು ತಂದಿದ್ದಾನೆ, ಶೋಕೇಸಿನಲ್ಲಿದೆ. ಫೋಟೋ ನೋಡಿ, ಯಾವ ಜಾತಿ?

ಮೇಡಂ: ಜಾತಿ ಇರಲಿ. ದಿಬ್ಬ ಕಟ್ಟುವ ಹವಳ ವನ್ಯಜೀವಿ ಕಾಯಿದೆಯಲ್ಲಿ ಹುಲಿ, ಆನೆ ಇರುವ ಮೊದಲ ಷೆಡ್ಯೂಲಿನಲ್ಲೇ ಇದೆ. ಸತ್ತ ತುಂಡನ್ನೂ ತರಬಾರದು. ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಸುಂಟಿಕೊಪ್ಪ: ಒಂದು ಕಲ್ಲಿಗೆ ಕೇಸಾ?

ಮೇಡಂ: ಕಲ್ಲಲ್ಲ ಸ್ವಾಮಿ, ಪ್ರಾಣಿ.

ನಾಪೋಕ್ಲು ಆಂಟಿ: ಮಗಳು ಓದಿದಳು. ಮುಖ ಊದಿಸಿಕೊಂಡಿದ್ದಾಳೆ. ಆಪರೇಷನ್ ಮಾಡಿಸಿದರೆ ಮುಂದೆ ಇಳಿಯಬಹುದಾ?

ಮೇಡಂ: ಕೆಲವರಿಗೆ ತಜ್ಞರು ಒಪ್ಪುತ್ತಾರೆ, ಎಲ್ಲರಿಗೂ ಅಲ್ಲ. ಅವಳಿಗೆ ನನಗೆ ಮೆಸೇಜ್ ಮಾಡಲು ಹೇಳಿ. ಫೋಟೋ ನೋಡುವ ಕೆಲಸ ಇದೆ.

ವಿರಾಜಪೇಟೆ: ಅದಕ್ಕೆ ಸಂಬಳ ಎಷ್ಟು?

ಶನಿವಾರಸಂತೆ: ಶುಂಠಿ ಬಗ್ಗೆ ಅಂದವರು ಮೊದಲು ಕ್ಷಮೆ ಕೇಳಲಿ.

ಅಡ್ಮಿನ್: ಕಾಮೆಂಟ್ ಬಂದ್ ಮಾಡುತ್ತಿದ್ದೇನೆ.