ಡ್ರಮ್ ಕಟಿಂಗ್ ವಿಡಿಯೋ: ಪಾಲಿಟೆಕ್ನಿಕ್ ಗುಂಪಿನಲ್ಲಿ ನಡೆದ ಚರ್ಚೆ

ಪ್ರಕಾಶ: [ವಿಡಿಯೋ] "ಗ್ಯಾಸ್ ಕಟರ್ ಹಿಡಿದವನ ಬೇಜವಾಬ್ದಾರಿ ನೋಡಿ! ಎಲ್ಲರಿಗೂ ಕಳಿಸಿ"

ಪ್ರಕಾಶ: ಕಟ್ ಮಾಡುವಾಗ ಡ್ರಮ್ ಸಿಡಿದು ಸೀದಾ ಮೇಲಿನ ಶೀಟಿಗೆ ಹಾರಿದೆ. ಅವನಿಗೆ ಸ್ವಲ್ಪನಾದರೂ ಬುದ್ಧಿ ಬೇಡವಾ?

ವೀಣಾ: ಅವನ ಮುಂದೆ ಡ್ರಮ್ ತಂದಿಟ್ಟು "ಕಟ್ ಮಾಡು" ಅಂದವರು ಒಬ್ಬರು ಇದ್ದಾರಲ್ವಾ? ಅವರ ಬಗ್ಗೆ ಒಂದು ಮಾತೂ ಇಲ್ಲ.

ಪ್ರಕಾಶ: ಖಾಲಿ ಡ್ರಮ್ ವೀಣಾ. ಪೀಣ್ಯದ ನಮ್ಮ ಶೆಡ್ಡಿನಲ್ಲೂ ಕಸದ ಡಬ್ಬಿ ಮಾಡಲು ಕಟ್ ಮಾಡಿಸುತ್ತೇವೆ. ಇಷ್ಟು ವರ್ಷ ಏನೂ ಆಗಿಲ್ಲ.

ವೀಣಾ: ಅದರಲ್ಲಿ ಮುಂಚೆ ಏನಿತ್ತು?

ಪ್ರಕಾಶ: ಹೈಡ್ರಾಲಿಕ್ ಆಯಿಲ್. ಕೆಲವು ಸಲ ಥಿನ್ನರ್.

ವೀಣಾ: ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಟಾಲ್ಯೂಯಿನ್ ಅನ್ನೋ ಬೇಗ ಆವಿಯಾಗುವ ದ್ರಾವಕ ಇರುತ್ತದೆ. ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಅದಕ್ಕೆ 4 ಡಿಗ್ರಿ ಸಾಕು. ಬೆಂಗಳೂರಿನ ಚಳಿಗಾಲ ಯಾವ ಲೆಕ್ಕ? ಗಾಳಿಯಲ್ಲಿ ಆ ಆವಿ ಶೇ 1.2ರಷ್ಟು ಸೇರಿದರೆ, ಕಿಡಿ ಬಿದ್ದ ಕೂಡಲೇ ಸಿಡಿಯುತ್ತದೆ. 200 ಲೀಟರ್ ಡ್ರಮ್ಮಿಗೆ ಲೆಕ್ಕ ಹಾಕು. ಸುಮಾರು 10 ಎಂಎಲ್, ಅಂದರೆ ಎರಡು ಟೀ ಚಮಚ. ಬೋರಲು ಹಾಕಿ ಇಳಿಸಿದರೂ ಅಂಚಿನ ಮಡಿಕೆಯಲ್ಲಿ ಅಷ್ಟು ಉಳಿದುಬಿಡುತ್ತದೆ. ಆಯಿಲ್ ಡ್ರಮ್ಮನ್ನೂ ನಂಬಬೇಡ. ಕಟರ್ ಶಾಖಕ್ಕೆ ಒಳಗೆ ಅಂಟಿದ ಎಣ್ಣೆಯೇ ಆವಿಯಾಗುತ್ತದೆ.

ನಾಗರಾಜ: ಹಾಗಾದರೆ ತುಂಬಿದ ಡ್ರಮ್ ಇನ್ನೂ ಅಪಾಯ ಅಲ್ವಾ?

ವೀಣಾ: ಹೊತ್ತಿಕೊಂಡರೆ ಬೆಂಕಿ ಜಾಸ್ತಿ, ನಿಜ. ಆದರೆ ಅದರೊಳಗೆ ಗಾಳಿಗೆ ಜಾಗ ಕಡಿಮೆ. ತಳದಲ್ಲಿ ಒಂಚೂರು ಉಳಿದ ಡ್ರಮ್ಮಿನಲ್ಲಿ ಗಾಳಿ, ಆವಿ ಎರಡೂ ತುಂಬಿರುತ್ತವೆ. 25 ಡಿಗ್ರಿಯಲ್ಲಿ ಆವಿ ಶೇ 3.7ರ ತನಕ ಏರಬಹುದು. ಸಿಡಿಯುವ ಮಿತಿ 1.2ರಿಂದ ಸುಮಾರು 7. ಸರಿಯಾಗಿ ಮಧ್ಯದಲ್ಲೇ ಬಂತು.

ಪ್ರಕಾಶ: ಮುಚ್ಚಳ ತೆಗೆದು ಬಿಸಿಲಿಗೆ ಇಡುತ್ತೇವೆ.

ವೀಣಾ: ಆ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಎರಡು ಇಂಚಿನ ತೂತಿನಿಂದ ಪೂರ್ತಿ ಹೋಯಿತು ಅಂತ ಹೇಗೆ ಹೇಳುತ್ತೀಯಾ? ವಾಸನೆ ನೋಡಿ ಹೇಳುವ ವಿಷಯ ಅಲ್ಲ ಇದು. ಉರಿಯುವ ಆವಿ ಎಷ್ಟಿದೆ ಅಂತ ತೋರಿಸುವ ಗ್ಯಾಸ್ ಮೀಟರ್ ಒಳಗೆ ಇಳಿಸಿ ನೋಡಬೇಕು.

ಬಸವರಾಜ: ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಈ ತಲೆನೋವಿಲ್ಲ.

ವೀಣಾ: ಇದೆ ಬಸು. 2008ರ ಫೆಬ್ರವರಿ 7ರಂದು ಅಮೆರಿಕದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಸಕ್ಕರೆ ಪುಡಿಯೇ ಸಿಡಿದು 14 ಜನ ಸತ್ತರು. ನೆಲ, ತೊಲೆಗಳ ಮೇಲೆ ಕೂತಿದ್ದ ಪುಡಿ ಮೊದಲ ಹೊಡೆತಕ್ಕೆ ಎದ್ದು, ಮತ್ತೆ ಮತ್ತೆ ಹೊತ್ತಿಕೊಂಡಿತು. ತನಿಖೆ ಬೆರಳು ತೋರಿಸಿದ್ದು ಯಂತ್ರಗಳ ವಿನ್ಯಾಸ, ಮೇಂಟೆನೆನ್ಸ್ ಮತ್ತು ಗುಡಿಸದೆ ಬಿಟ್ಟ ಪುಡಿಯ ಕಡೆಗೆ.

ನಾಗರಾಜ: ಆದರೂ ಎಲ್ಲವನ್ನೂ ಮಾಲೀಕನ ತಲೆಗೆ ಕಟ್ಟುವುದು ಸರಿಯಲ್ಲ. ಪರ್ಮಿಟ್ (ಇಂಥ ಕೆಲಸಕ್ಕೆ ಮುಂಚೆ ಸುರಕ್ಷತೆ ನೋಡಿ ಬರೆದುಕೊಡುವ ಅನುಮತಿ ಪತ್ರ) ಕೊಟ್ಟರೆ ಓದದೆ ಸೈನ್ ಹಾಕುವವರನ್ನು ನಾನೇ ನೋಡಿದ್ದೇನೆ.

ವೀಣಾ: ಪರ್ಮಿಟ್ ಕೊಟ್ಟಿದ್ದರೆ ಆ ಮಾತು ಒಪ್ಪುತ್ತೇನೆ. ವಿಡಿಯೋದಲ್ಲಿ ಅವನ ಕಾಲು ನೋಡು. ಹವಾಯಿ ಚಪ್ಪಲಿ. ಬೂಟನ್ನೇ ಕೊಡದವರು ಪರ್ಮಿಟ್ ಬರೆದುಕೊಟ್ಟಿರುತ್ತಾರಾ? ಉರಿಯುವ ವಸ್ತು ಇದ್ದ ಪಾತ್ರೆಯಿಂದ ಆ ವಸ್ತು, ಅದರ ಆವಿ ತೆಗೆಯದೆ ವೆಲ್ಡಿಂಗ್, ಕಟಿಂಗ್ ಮಾಡಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯ 37ನೇ ಸೆಕ್ಷನ್‌ನಲ್ಲೇ ಬರೆದಿದ್ದರು. ದಿನಗೂಲಿಗೆ ಬಂದವನು ಕಾಯ್ದೆ ಓದಿಕೊಂಡು ಬರಬೇಕಾ?

ಪ್ರಕಾಶ: ಸರಿ. ಶೆಡ್ಡಿನ ಹಿಂದೆ ಈಗಲೂ ಆರೇಳು ಡ್ರಮ್ ಬಿದ್ದಿವೆ. ನೀರು ತುಂಬಿಸಿ ಕಟ್ ಮಾಡಿಸಲಾ?

ವೀಣಾ: ಕಟ್ ಮಾಡಿಸಲೇಬೇಡ. ಮುಚ್ಚಳ ಬಿಗಿ ಮಾಡಿಸಿ ನೆರಳಿನಲ್ಲಿ ಇಡಿಸು. ಕೆಮಿಕಲ್ ಅಂಟಿದ ಡ್ರಮ್ ಅಪಾಯಕಾರಿ ತ್ಯಾಜ್ಯದ ಲೆಕ್ಕಕ್ಕೆ ಬರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು.

ಪ್ರಕಾಶ: ಗುಜರಿಯವನು ಒಳ್ಳೆ ದುಡ್ಡು ಕೊಡುತ್ತಾನೆ ಮಾರಾಯ್ತಿ.

ವೀಣಾ: ತಗೊಂಡು ಹೋಗಿ ಏನು ಮಾಡುತ್ತಾನೆ ಅಂತ ಕೇಳಿದ್ದೀಯಾ? ಅಲ್ಲೂ ಯಾರೋ ಒಬ್ಬ ಹುಡುಗ ಕಟರ್ ಹಿಡಿದು ಕೂರುತ್ತಾನೆ.

ನಾಗರಾಜ: ಅನುಮತಿ ಇರುವವರು ಒಬ್ಬರು ನನಗೆ ಗೊತ್ತು. ನಂಬರ್ ನಿನಗೆ ಬೇರೆಯಾಗಿ ಕಳಿಸುತ್ತೇನೆ ಪ್ರಕಾಶ.

ಪ್ರಕಾಶ: ಕಳಿಸು, ರೇಟ್ ಕೇಳುತ್ತೇನೆ. ಆದರೆ ಥಿನ್ನರ್ ಡ್ರಮ್ ಯಾವುದು, ಆಯಿಲ್‌ದು ಯಾವುದು ಅಂತ ಗುರುತೇ ಇಲ್ಲ.

ವೀಣಾ: ಗುರುತಿಲ್ಲದ್ದೆಲ್ಲ ಥಿನ್ನರ್ ಡ್ರಮ್ ಅಂತಲೇ ಹೇಳಿ ಕೊಡು. ಲೋಡ್ ಮಾಡುವವರಿಗೂ ಹೇಳು.